ಸೊಂಟದೆತ್ತರದ ಮಣ್ಣು

ಮೊದಲು ಇಲ್ಲಿ ಕಾರು ನಿಲ್ಲುತ್ತಿದ್ದವು:
ಡಾಕ್ಟರದೊಂದು, ಟ್ರಸ್ಟಿನವರದೆರಡು,
ಮಿಕ್ಕಿದ್ದು ಆಂಬುಲೆನ್ಸಿಗೆಂದು ಹಳದಿ ಗೆರೆ ಬಳಿದ ಜಾಗ.
ಆ ಗೆರೆ ಇನ್ನೂ ಇದೆ. ದಂಟಿನ ಮಡಿಯ ಬುಡದಿಂದ ಹೊರಟು
ಗೇಟಿನವರೆಗೂ ಹೋಗುತ್ತದೆ.
ಗೇಟಿನಾಚೆ ಬಾಣಸವಾಡಿಯ ಹಾರನ್ನು.

ಬಗ್ಗಲಾರದವರಿಗೆಂದು ಇಟ್ಟಿಗೆ ಕಟ್ಟಿ
ಮಣ್ಣನ್ನು ಸೊಂಟದೆತ್ತರಕ್ಕೆ ಏರಿಸಿದ್ದಾರೆ,
ಕೆಳಗೆ ಗಾಲಿಕುರ್ಚಿಯ ಮೊಣಕಾಲು ತೂರುವಷ್ಟು ಸಂದು.
ಶಿವಾಜಿನಗರ–ಜಾಲಹಳ್ಳಿ, ಮೂವತ್ತೊಂದು ವರ್ಷ,
ಬಿದ್ದ ಚಿಲ್ಲರೆಗೆ ಬಗ್ಗಿ ಬಗ್ಗಿ ಸವೆದ ಬೆನ್ನು ನನ್ನದು.
ಭೂಮಿ ತಾನೇ ಎದ್ದು ನಿಂತು ಮರ್ಯಾದೆ ಕೊಟ್ಟದ್ದು
ಇದೇ ಮೊದಲು.

ಚಿಕ್ಕಮುನಕ್ಕನಿಗೆ ನನ್ನ ಹೆಸರು ನಿಲ್ಲುವುದಿಲ್ಲ.
ಸೋಮವಾರ ತಮ್ಮ, ಮಂಗಳವಾರ ಬಡ್ಡಿ ಈರಣ್ಣ;
ಬಡ್ಡಿ ಈರಣ್ಣನಾದ ದಿನ ಬೈಗುಳ ತಿನ್ನುತ್ತೇನೆ, ಸುಮ್ಮನೆ.
ಆದರೆ ಸಿದ್ದಾಪುರದಲ್ಲಿ ಸಸಿ ಮಾರಿ ಬಾಳಿದವಳು;
ಲಾರಿಯವನು ಸುರಿದುಹೋದ ಮಣ್ಣು ಚಿಟಿಕೆ ಹಿಡಿದು
ಮೂಸಿ, ನಾಲಿಗೆಗೂ ಇಟ್ಟು, ಉಗಿದಳು:
“ಯಾವ್ದೋ ಬಿಲ್ಡಿಂಗ್ ಪಾಯದ್ದು. ಸತ್ತ ಮಣ್ಣು.
ಸಗಣಿ ಆಕಿ, ಒಂದ್ ತಿಂಗ್ಳು ಮಾತಾಡಿಸ್ಬ್ಯಾಡಿ.”
ನಾವು ಕೇಳಲಿಲ್ಲ. ಮೆಂತ್ಯ ಹಳದಿಗೆ ತಿರುಗಿತು.
ಆಮೇಲೆ ಕೇಳಿದೆವು.

ಸಿಸ್ಟರ್ ನಾಗವೇಣಿ ತಿಂಗಳಿಗೊಮ್ಮೆ ಕಾಗದ ಹಿಡಿದು ಕೂರುತ್ತಾಳೆ:
ಅಜ್ಜೀ, ಇವತ್ತು ಯಾವ ವಾರ? ಇದು ಯಾವ ತಿಂಗಳು?
ಚಿಕ್ಕಮುನಕ್ಕ ಸೆರಗಿನ ತುದಿ ಸುತ್ತುತ್ತಾಳೆ, ಬಿಚ್ಚುತ್ತಾಳೆ.
ಅವರೆ ಯಾವಾಗ ಹಾಕೋದು ಎಂದು ನಾನು ಪಕ್ಕದಿಂದ ಕೇಳಿದೆ.
“ಪುಷ್ಯ ಮಳೆ ಕೂತಾಗ. ಇನ್ನು ನಾಲ್ಕು ದಿನ,” ಅಂದಳು.
ಕಾಗದದಲ್ಲಿ ಅದಕ್ಕೆ ಮನೆ ಇರಲಿಲ್ಲ.
ಸಿಸ್ಟರ್ ಸೊನ್ನೆ ಬರೆದಳು,
ಬರೆದು, ಅಂಚಿನಲ್ಲಿ ಪೆನ್ಸಿಲಿನಲ್ಲಿ: ಅವರೆ, ನಾಲ್ಕು ದಿನ.

ರೋಸಲಿನ್ ಇದ್ದದ್ದು ಗಡಿಯಾರದ ಕಾರ್ಖಾನೆಯಲ್ಲಿ.
ಕೂದಲೆಳೆಯ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು
ಉಸಿರು ಕಟ್ಟಿ ಕೂರಿಸುತ್ತಿದ್ದ ಕೈ
ಈಗ ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ
ಚಮಚದ ಸಾರನ್ನೆಲ್ಲ ಎದೆಗೆ ಚೆಲ್ಲುತ್ತದೆ.
ಊಟದ ಹಾಲಿಗೆ ಬರುವುದನ್ನೇ ಬಿಟ್ಟಿದ್ದಳು.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು;
ನಾನು ಹಾಕಿದರೆ ಒಂದೇ ಕಡೆ ಗುಪ್ಪೆ.
ಮರಳಲ್ಲಿ ಬೆರೆಸಿ ಅವಳ ಅಂಗೈಗೆ ಕೊಟ್ಟಳು ಚಿಕ್ಕಮುನಕ್ಕ,
ಮಣಿಕಟ್ಟು ಹಿಡಿದು ಮಡಿಯ ಮೇಲೆ ನಿಧಾನ ನಡೆಸಿದಳು.
ಕೈ ತನ್ನಷ್ಟಕ್ಕೆ ನಡುಗಿತು. ಬೀಜ ಬಿತ್ತು,
ಜರಡಿಯಿಂದ ಬಿದ್ದ ಹಾಗೆ, ಎಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.
“ಇಂಥ ಕೈ ನಂಗೆ ವಯಸ್ನಲ್ಲಿ ಸಿಗ್ಬೇಕಿತ್ತು ಕಣೇ!”

ಒಂಬತ್ತನೇ ದಿನ ರೋಸಲಿನ್ ಹಾಲಿಗೆ ಬಂದಳು.
ಸಾರು ಚೆಲ್ಲಿತು. ಚೆಲ್ಲಲಿ ಬಿಡಿ ಅಂದಳು.

ಗಿಡದ ನಡುವೆ ಕೂತರೆ ಬಿಪಿ ಇಳಿಯುತ್ತದೆ
ಎಂದು ಡಾಕ್ಟರು ಬೋರ್ಡು ಹಾಕಿಸಿದ್ದಾರೆ.
ನನ್ನದು ಇಳಿದಿಲ್ಲ.
ಮೂರನೇ ರೂಮಿನ ರಾಮಸುಬ್ಬಯ್ಯನವರು ಒಂದು ದಿನವೂ
ಈ ಕಡೆ ಬಂದಿಲ್ಲ; ಕಿಟಕಿ ಸಾಕು, ಸೊಳ್ಳೆ ಬೇಡ ಅನ್ನುತ್ತಾರೆ.
ನನಗೆ ಗೊತ್ತಿರುವುದು ಇಷ್ಟೇ:
ರಾತ್ರಿ ಎರಡಕ್ಕೆ ಎಚ್ಚರವಾದರೆ ಮೊದಲೆಲ್ಲ
ಯಾರ ಕೆಮ್ಮು ನಿಂತಿದೆ ಎಂದು ಎಣಿಸುತ್ತಿದ್ದೆ.
ಈಗ, ಕಟ್ಟಿದ ದಾರ ಹಾಗಲಬಳ್ಳಿಯ ಕೈಗೆ
ಸಿಕ್ಕಿತೋ ಇಲ್ಲವೋ ಎಂದು.

ಹೋದ ತಿಂಗಳು ಆರು ದಿನ ಆಸ್ಪತ್ರೆ. ಎದೆ.
ನನ್ನ ವಾಕರು ಮಡಿಯ ಪಕ್ಕದಲ್ಲೇ ಉಳಿದಿತ್ತು.
ವಾಪಸು ಬಂದು ನೋಡಿದರೆ ಅದರ ಎಡಗಾಲಿಗೆ
ಹಾಗಲದ ಎಳೆಕುಡಿ ಎರಡು ಸುತ್ತು ಸುತ್ತಿ,
ಮೂರನೆಯದಕ್ಕೆ ಗಾಳಿಯಲ್ಲಿ ತಡಕುತ್ತಿತ್ತು.
ಬಿಡಿಸಲು ಬಂದ ಹುಡುಗನ ಕೈ ಹಿಡಿದೆ.
ಸ್ಟೋರಿಗೆ ಹೋಗಿ ಇನ್ನೊಂದು ವಾಕರು ಕೇಳಿದೆ.
ಕಾರಣ ಬರೀಬೇಕು ಸಾರ್, ಅಂದ, ರಿಜಿಸ್ಟರು ತಿರುಗಿಸಿ.
ಬರೆದೆ:
ಒಬ್ಬರು ಹತ್ತಿದ್ದಾರೆ. ಕಂಬಿ ಹಿಡಿದುಕೊಂಡಿದ್ದಾರೆ.